ಡ್ವೋರಾ ತನ್ನ ಅಮ್ಮನಿಗೆ ಹೇಳಿದ್ದು

೧

ಕಥೆಯನ್ನು ಎಲ್ಲಿಂದ ಶುರು ಮಾಡುವುದು? ನ್ಯೂಯಾರ್ಕಿನ ಬಂದರಿನಿಂದಲೋ, ರಾಮೇಶ್ವರದ ಬಂದರಿನಿಂದಲೋ? ಇಷ್ಟನ್ನು ತೀರ್ಮಾನಿಸುವುದರಲ್ಲೇ ಯೋಗರಾಣಿ ಟೀಚರ್ ಒಂದಿಡೀ ಬೇಸಿಗೆ ರಜೆ ಕಳೆದಳು.

(ಓದುಗರೇ, ಯೋಗರಾಣಿ ಟೀಚರ್ ಎಂದರೆ ಈ ಕಥೆ ಬರೆಯುತ್ತಿರುವವಳೇ. ‘ನಾನು’ ಎಂದು ಬರೆಯಹೊರಟರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ‘ಅವಳು’. ಮೂವತ್ತು ವರ್ಷ ಮಕ್ಕಳಿಗೆ ಉತ್ತಮ ಪುರುಷ, ಪ್ರಥಮ ಪುರುಷ ಎಂದು ವ್ಯಾಕರಣ ಪಾಠ ಮಾಡಿದವಳಿಗೆ ಇಷ್ಟು ಸ್ವಾತಂತ್ರ್ಯ ಇರಲಿ.)

ಅವಳು ಸುಳ್ಯದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ವಯಸ್ಸು ಐವತ್ತೈದು. ಮನೆಮಾತು ತಮಿಳು. ಹಿರಿಯರು ಯಾವುದೋ ಕಾಲದಲ್ಲಿ ಸಿಲೋನಿನ ಟೀ ತೋಟಕ್ಕೆ ಕೂಲಿಗೆ ಹೋದವರು. ಎಪ್ಪತ್ತರ ದಶಕದಲ್ಲಿ, ಎರಡು ಸರಕಾರಗಳು ಮಾಡಿಕೊಂಡ ಒಪ್ಪಂದದಂತೆ, ಅವರ ಮೊಮ್ಮಕ್ಕಳನ್ನು ವಾಪಸು ಕಳಿಸಲಾಯಿತು. ಐದು ವರ್ಷದ ಯೋಗರಾಣಿ ಹಡಗಿನಿಂದ ಇಳಿದು, ಕ್ಯಾಂಪಿನಲ್ಲಿ ಎಂಟು ತಿಂಗಳಿದ್ದು, ಲಾರಿ ಹತ್ತಿ ಸುಳ್ಯದ ರಬ್ಬರ್ ತೋಟದ ಕಾಲನಿಗೆ ಬಂದಳು.

ಅದನ್ನೇ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಹನ್ನೊಂದು ಸಲ ಬರೆದು ಹರಿದಳು. ಹನ್ನೆರಡನೆಯ ಸಲ, ಶಾಲೆಯ ಲೈಬ್ರರಿಯಲ್ಲಿದ್ದ ಹಳೆಯ ಪತ್ರಿಕೆಯೊಂದರಲ್ಲಿ ಫೋಟೋ ಕಂಡಿತು. ಅಮೆರಿಕದಲ್ಲಿ ಹಡಗಿನಿಂದ ಇಳಿದ ಯಹೂದಿ ಹುಡುಗಿ, ಕೋಟಿಗೆ ನಂಬರಿನ ಚೀಟಿ, ಕೈಯಲ್ಲಿ ಅಮ್ಮನ ಲಂಗದ ತುದಿ. ‘ಇವಳನ್ನು ಬರೆಯಬಹುದು. ಇವಳು ನಾನಲ್ಲ’ ಎಂದುಕೊಂಡಳು.

೨

ಮೊದಲ ಡ್ರಾಫ್ಟ್.

“೧೯೧೧ರ ಚಳಿಗಾಲ. ಹತ್ತು ವರ್ಷದ ಡ್ವೋರಾ ಅಮ್ಮನ ಕೈಹಿಡಿದು ನ್ಯೂಯಾರ್ಕಿನ ಧರ್ಮಾಸ್ಪತ್ರೆಗೆ ಹೋದಳು. ಅಮ್ಮನಿಗೆ ಗೊತ್ತಿದ್ದದ್ದು ಯಿದ್ದಿಷ್ ಒಂದೇ. ಡಾಕ್ಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಒಂದೇ. ಎರಡೂ ಗೊತ್ತಿದ್ದವಳು ಡ್ವೋರಾ. ‘ನಿನ್ನ ಅಮ್ಮನಿಗೆ ಕ್ಷಯ’ ಎಂದರು ಡಾಕ್ಟರ್. ‘ಏನಂತೆ?’ ಎಂದಳು ಅಮ್ಮ. ಡ್ವೋರಾ ಹೇಳಿದಳು: ‘ಶೀತವಂತೆ ಅಮ್ಮ, ಬರೀ ಶೀತ.’”

ಇಷ್ಟು ಬರೆದು ಟೀಚರ್ ನೀರು ಕುಡಿಯಲು ಎದ್ದಳು. ತಿರುಗಿ ಬಂದಾಗ ಹಾಳೆಯೊಳಗಿನಿಂದ ಡ್ವೋರಾ ಕೇಳಿದಳು: “ಟೀಚರ್, ಈ ಸುಳ್ಳು ಹೇಳಿದ್ದು ನಾನಾ, ನೀವಾ?”

(ಪಾತ್ರಗಳು ಮಾತಾಡುವುದು ಈಗ ಹಳೆಯ ಫ್ಯಾಷನ್ ಎಂದು ಗೊತ್ತು. ಆದರೆ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.)

೩

ಸರಿ, ನಡೆದದ್ದು ಇದು.

೧೯೮೦. ಯೋಗರಾಣಿಗೂ ಹತ್ತು ವರ್ಷ. ಕನ್ನಡ ಶಾಲೆಗೆ ಸೇರಿ ನಾಲ್ಕು ವರ್ಷವಾಗಿತ್ತು. ಕಾಲನಿಯಲ್ಲಿ ಯಾರಿಗೆ ಜ್ವರ ಬಂದರೂ ಮಾತಾಡಲು ಅವಳನ್ನೇ ಕರೆದೊಯ್ಯುತ್ತಿದ್ದರು. ಆ ದಿನ ಕೆಮ್ಮುತ್ತಿದ್ದದ್ದು ಅವಳ ಅಮ್ಮ. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: “ಟಿ.ಬಿ. ಅಂತ ಹೇಳು. ಒಂದೂವರೆ ವರ್ಷ ಮಾತ್ರೆ ತಿನ್ನಬೇಕು. ಮಧ್ಯೆ ಬಿಟ್ಟರೆ ಉಳಿಯುದಿಲ್ಲ ಅಂತ ಹೇಳು.”

ಕ್ಯಾಂಪಿನಲ್ಲಿ ಆ ಕಾಯಿಲೆಯ ಒಬ್ಬ ಹೆಂಗಸನ್ನು ಸಾಲಿನ ಕೊನೆಯ ಕೋಣೆಗೆ ಹಾಕಿದ್ದರು. ಅವಳ ಮಕ್ಕಳ ಜೊತೆ ಯಾರೂ ಆಡುತ್ತಿರಲಿಲ್ಲ. ಯೋಗರಾಣಿ ಅಮ್ಮನ ಮುಖ ನೋಡಿ ತಮಿಳಿನಲ್ಲಿ ಹೇಳಿದಳು: “ಶೀತ ಅಮ್ಮ. ಮಾತ್ರೆ ತಿಂದರೆ ಹೋಗುತ್ತದಂತೆ.”

ಎರಡು ತಿಂಗಳಲ್ಲಿ ಕೆಮ್ಮು ನಿಂತಿತು. ಅಮ್ಮ ಮಾತ್ರೆ ಬಿಟ್ಟಳು. ಶೀತ ಹೋದ ಮೇಲೆ ಮಾತ್ರೆ ಯಾಕೆ? ಯೋಗರಾಣಿ ಸತ್ಯ ಹೇಳಬೇಕೆಂದು ದಿನಾ ಅಂದುಕೊಂಡಳು. ದಿನಾ ಶಾಲೆಗೆ ಹೋದಳು.

ಕಾಲನಿಯ ಪಕ್ಕದ ಮನೆಗೆ ಆಲೆಟ್ಟಿಯಿಂದ ಮದುವೆಯಾಗಿ ಬಂದ ದುಗ್ಗಮ್ಮ ಎಂಬ ಹೆಂಗಸಿದ್ದಳು. ಮನೆಮಾತು ಅರೆಭಾಷೆ, ತಮಿಳಿನ ಗಂಧವಿಲ್ಲ. ಒಂದು ದಿನ ಏನೋ ಕೇಳಲು ಬಂದವಳು ಕಪಾಟಿನ ಡಬ್ಬದಲ್ಲಿ ಹಾಗೇ ಉಳಿದಿದ್ದ ಮಾತ್ರೆಗಳನ್ನು ಕಂಡಳು. ಅವಳ ತಂಗಿ ಅದೇ ಕಾಯಿಲೆಯಲ್ಲಿ ಹೋಗಿದ್ದಳು. ಮಾರನೆಯ ಬೆಳಿಗ್ಗೆ ಒಂದು ಲೋಟ ಹಾಲು ಹಿಡಿದು ಬಂದಳು. ಮಾತ್ರೆಯನ್ನು ಅಮ್ಮನ ಕೈಗಿಟ್ಟಳು. ನುಂಗಿಸಿ, ತಾನು ‘ಆ’ ಎಂದು ಬಾಯಿ ತೆರೆದು ತೋರಿಸಿದಳು. ಅಮ್ಮನೂ ‘ಆ’ ಎಂದಳು. ಇಬ್ಬರೂ ನಕ್ಕುಬಿಟ್ಟರು. ಹದಿನಾರು ತಿಂಗಳು, ಒಂದು ದಿನ ತಪ್ಪದೆ, ಹೀಗೇ ನಡೆಯಿತು.

ಅಮ್ಮ ಆಮೇಲೆ ಮೂವತ್ತೇಳು ವರ್ಷ ಬದುಕಿದಳು. ಮಗಳು ಟೀಚರ್ ಆದದ್ದನ್ನು ನೋಡಿದಳು, ಮೊಮ್ಮಗಳನ್ನು ಎತ್ತಿಕೊಂಡಳು. ಯೋಗರಾಣಿ ಸತ್ಯವನ್ನು ಅಮ್ಮನಿಗೂ ಹೇಳಲಿಲ್ಲ, ದುಗ್ಗಮ್ಮನಿಗೆ ಒಂದು ಕೃತಜ್ಞತೆಯ ಮಾತನ್ನೂ ಹೇಳಲಿಲ್ಲ. ಕೃತಜ್ಞತೆ ಹೇಳಿದರೆ ಆ ಸತ್ಯವನ್ನೂ ಹೇಳಬೇಕಲ್ಲ.

೪

ಆದ್ದರಿಂದ ನ್ಯೂಯಾರ್ಕಿನಲ್ಲಿ ಒಬ್ಬ ದುಗ್ಗಮ್ಮ ಬೇಕಾಯಿತು.

ಡ್ರಾಫ್ಟ್ ಎರಡು: ದಯಾಮಯಿ ಲೈಬ್ರರಿಯನ್. (ಕೈಬಿಡಲಾಗಿದೆ. ಅವಳು ಬಾಯಿಬಿಟ್ಟರೆ ಭಾಷಣ.)

ಡ್ರಾಫ್ಟ್ ಮೂರು: ಪಕ್ಕದ ಮನೆಯ ಐರಿಶ್ ಮುದುಕಿ ಹಂದಿಮಾಂಸದ ಸಾರು ತರುತ್ತಾಳೆ. “ಟೀಚರ್, ನಾವು ಯಹೂದಿಗಳು. ಅಮ್ಮ ಆ ಪಾತ್ರೆಯನ್ನೂ ಮುಟ್ಟುವುದಿಲ್ಲ” ಎಂದಳು ಡ್ವೋರಾ. ಕೈಬಿಡಲಾಗಿದೆ.

ಡ್ರಾಫ್ಟ್ ನಾಲ್ಕು: ನೆಲಮಹಡಿಯ ಇಟಲಿಯ ಹೆಂಗಸು ರೋಸಾ ದಿನಾ ಬಂದು ಮಾತ್ರೆ ನುಂಗಿಸುತ್ತಾಳೆ. ಇದು ಚೆನ್ನಾಗಿತ್ತು. ನರ್ಸಿಂಗ್ ಓದುವ ಮಗಳು ಯಶಸ್ವಿಗೆ ಟೀಚರ್ ಓದಿ ಹೇಳಿದಳು.

“ಅಮ್ಮಾ, ೧೯೧೧ರಲ್ಲಿ ಟಿ.ಬಿ.ಗೆ ಮಾತ್ರೆಯೇ ಇರ್ಲಿಲ್ಲ. ಎಂತ ನುಂಗಿಸುದು?”

“ಮತ್ತೆ ಎಂತ ಮಾಡ್ತಿದ್ರು?”

“ಹಾಲು, ಮೊಟ್ಟೆ, ಗಾಳಿ, ರೆಸ್ಟ್. ಕೆಲವರು ಉಳೀತಿದ್ರು. ತುಂಬ ಜನ ಇಲ್ಲ.”

ಆ ಸಂಜೆ ಡ್ವೋರಾ ಜಗಳಕ್ಕೇ ನಿಂತಳು. “ನಿಮ್ಮ ಅಮ್ಮ ಬದುಕಿದರು. ನನ್ನ ಅಮ್ಮ? ಮಾತ್ರೆ ಇಲ್ಲ ಅಂದ ಮೇಲೆ ಈ ರೋಸಾ ದಿನಾ ಐದು ಮಹಡಿ ಯಾಕೆ ಹತ್ತಿ ಬರುತ್ತಾಳೆ? ಒಳ್ಳೆಯವಳು ಅಂತಲಾ? ಬರೀ ಒಳ್ಳೆತನಕ್ಕೆ ಯಾರಾದರೂ ಹದಿನಾರು ತಿಂಗಳು ಮೆಟ್ಟಿಲು ಹತ್ತುತ್ತಾರಾ?”

ಇದಕ್ಕೆ ಉತ್ತರ ಗೊತ್ತಿದ್ದವಳು ಒಬ್ಬಳೇ.

೫

ಈಗ ಎಪ್ಪತ್ತಾರು ವರ್ಷದ ದುಗ್ಗಮ್ಮ ಆಲೆಟ್ಟಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ಟೀಚರ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದು ವಾಕ್ಯ ಕಟ್ಟಿದಳು: ‘ತಾವು ಮಾಡಿದ ಉಪಕಾರವನ್ನು ನಮ್ಮ ಕುಟುಂಬ ಎಂದೆಂದಿಗೂ…’ ಎಂಟನೇ ಕ್ಲಾಸಿನ ಪತ್ರಲೇಖನದಂತಿತ್ತು.

ದುಗ್ಗಮ್ಮ ಬೆಂಡೆಕಾಯಿ ಹೆಚ್ಚುತ್ತ ಕೂತಿದ್ದಳು. ಅಮ್ಮನಿಗೆ ಮಾತ್ರೆ ನುಂಗಿಸಲು ದಿನಾ ಯಾಕೆ ಬರುತ್ತಿದ್ದಿರಿ ಎಂದು ಟೀಚರ್ ಕೇಳಿದಳು. (ಅವಳು ಮಾತಾಡಿದ್ದು ಅರೆಭಾಷೆಯಲ್ಲಿ. ಇಲ್ಲಿ ಕನ್ನಡಕ್ಕೆ ತರಲಾಗಿದೆ. ಈ ಸಲದ ಅನುವಾದದಲ್ಲಿ ಸುಳ್ಳಿಲ್ಲ.)

“ಮಾತ್ರೆಯಾ? ಇದ್ದಿರ್ಬೇಕು ಮಗಾ. ನಂಗೆ ನೆನಪಿರುದು ಚಾ. ನಿನ್ನ ಅಮ್ಮ ಹಾಲು ಹಾಕದೆ ಕರಿ ಚಾ ಮಾಡಿ ಕೊಡ್ತಿದ್ದಳು, ಬೆಲ್ಲದ ತುಂಡು ಕಚ್ಚಿ ಕುಡಿಲಿಕ್ಕೆ. ನಾನು ಬರ್ತಿದ್ದದ್ದು ಅದಕ್ಕೆ.”

“ಚಾ ಕುಡಿಲಿಕ್ಕಾ ದುಗ್ಗಕ್ಕ?”

ದುಗ್ಗಮ್ಮ ಚೂರಿ ಕೆಳಗಿಟ್ಟಳು. “ನಮ್ಮ ಅತ್ತೆ ನನ್ನನ್ನು ಬಾಯಿ ತೆರೀಲಿಕ್ಕೆ ಬಿಡ್ತಿರ್ಲಿಲ್ಲ. ಮನೆಯಿಂದ ಹೊರಗೆ ಕಾಲಿಡ್ಲಿಕ್ಕೆ ಒಂದು ನೆಪ ಬೇಕಲ್ಲ? ಕಾಯಿಲೆಯವಳಿಗೆ ಹಾಲು ಅಂದ್ರೆ ಅವರಿಗೂ ಬೇಡ ಅನ್ಲಿಕ್ಕೆ ಆಗ್ತಿರ್ಲಿಲ್ಲ. ನಿನ್ನ ಅಮ್ಮನಿಗೆ ನನ್ನ ಮಾತು ಅರ್ಥ ಆಗ್ತಿರ್ಲಿಲ್ಲ, ಅದೇ ಒಳ್ಳೇದಾದ್ದು. ಯಾರ ಹತ್ರವೂ ಹೇಳ್ಲಿಕ್ಕಾಗದ್ದೆಲ್ಲ ಅವಳ ಹತ್ರ ಹೇಳಿ ಅಳ್ತಿದ್ದೆ. ಅವಳು ತಮಿಳಲ್ಲಿ ಎಂತದೋ ಹೇಳಿ ಬೆನ್ನು ಸವರ್ತಿದ್ದಳು. ಆ ವರ್ಷ ನಾನು ಬಾವಿಗೆ ಹಾರದೆ ಉಳಿದದ್ದು ಅವಳಿಂದ. ಅವಳು ಇರುವಾಗ ಇದನ್ನು ಹೇಳ್ಲಿಕ್ಕೆ ಆಗ್ಲಿಲ್ಲ. ನೀನಾದ್ರೂ ಕೇಳಿದೆಯಲ್ಲ.”

ಬಸ್ಸಿನಲ್ಲಿ ಕಟ್ಟಿದ ವಾಕ್ಯ ಹೇಳಲೆಂದು ಟೀಚರ್ ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

“ದುಗ್ಗಕ್ಕ, ಟಿ.ಬಿ. ಅಂತ ಹೇಳು ಅಂತ ಡಾಕ್ಟರು ಅಂದ್ರೂ ನಾನು ಅಮ್ಮನಿಗೆ ಹೇಳ್ಲೇ ಇಲ್ಲ. ಶೀತ ಅಂತ ಸುಳ್ಳು ಹೇಳಿದೆ. ನನ್ನಿಂದಲೇ ಅವಳು ಮಾತ್ರೆ ಬಿಟ್ಟದ್ದು.”

“ಆಗ ನಿಂಗೆ ಎಷ್ಟು ವರ್ಷ?”

“ಹತ್ತು.”

“ಹತ್ತು ವರ್ಷದ ಮಗುವಿನ ಬಾಯಿಂದ ಅಂಥ ಮಾತು ಹೇಳಿಸ್ಲಿಕ್ಕೆ ಹೊರಟವರಿಗೆ ಬುದ್ಧಿ ಬೇಡ್ವಾ?” ದುಗ್ಗಮ್ಮನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗಿದೆಯಾ ಮಾರಾಯ್ತಿ? ಹೋಗು, ಕೈ ತೊಳಿ. ಊಟ ಮಾಡಿಯೇ ಹೋಗುದು.”

ಟೀಚರ್ ಅತ್ತಳು. ಆಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

೬

ಡ್ರಾಫ್ಟ್ ಐದು. ಈಗ ರೋಸಾ ಮೆಟ್ಟಿಲು ಹತ್ತುವುದಕ್ಕೆ ಅವಳದೇ ಕಾರಣವಿದೆ: ಕೆಳಗಿನ ಮನೆಯಲ್ಲಿ ಅವಳ ಮಾತನ್ನು ಯಾರೂ ಕೇಳುವುದಿಲ್ಲ. ಅವಳು ಹಾಲು, ಮೊಟ್ಟೆ ತರುತ್ತಾಳೆ. ಡ್ವೋರಾಳ ಅಮ್ಮನನ್ನು ತಾರಸಿಗೆ ಕರೆದೊಯ್ದು ಬಿಸಿಲಿಗೆ ಕೂರಿಸುತ್ತಾಳೆ. ಇಟಾಲಿಯನ್‌ನಲ್ಲಿ ಅಳುತ್ತಾಳೆ. ಯಿದ್ದಿಷ್‌ನಲ್ಲಿ ಸಮಾಧಾನ ಪಡೆಯುತ್ತಾಳೆ.

ಮುಂದೆ?

ಅಂತ್ಯ ಒಂದು: ಅಮ್ಮ ಗುಣವಾಗುತ್ತಾಳೆ. ಅಂತ್ಯ ಎರಡು: ಅಮ್ಮ ಹೋಗುತ್ತಾಳೆ, ರೋಸಾ ಡ್ವೋರಾಳನ್ನು ತನ್ನ ಮಕ್ಕಳ ಜೊತೆ ಬೆಳೆಸುತ್ತಾಳೆ. ಎರಡನ್ನೂ ಬರೆದಾಯಿತು. ಎರಡೂ ಮೇಜಿನ ಮೇಲಿವೆ. ಆರಿಸಿಕೊಳ್ಳಲು ನನಗೆ ಯಾವ ಹಕ್ಕೂ ಕಾಣುವುದಿಲ್ಲ.

(‘ನನಗೆ’ ಎಂದು ಬಂತು. ಇರಲಿ.)

ಹಾಗಾಗಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆಗೆ ನಿಲ್ಲಿಸುತ್ತೇನೆ. ತಾರಸಿಯ ಮೇಲೆ ಒಣಹಾಕಿದ ಬಟ್ಟೆಗಳು. ಅಮ್ಮ ಕುರ್ಚಿಯಲ್ಲಿ, ರೋಸಾ ಪಕ್ಕದಲ್ಲಿ. ಡ್ವೋರಾ ಮೆಟ್ಟಿಲು ಹತ್ತಿ ಬರುತ್ತಾಳೆ. “ಏನು ಹೇಳುತ್ತೀಯ?” ಎಂದು ನಾನು ಕೇಳಿದೆ. “ನೀವು ಸುಮ್ಮನಿರಿ ಟೀಚರ್” ಎಂದಳು. ಅಮ್ಮನ ಮುಂದೆ ಮೊಣಕಾಲೂರಿ, ಅವಳ ಕಿವಿಯ ಹತ್ತಿರ ಬಗ್ಗಿ, ಏನೋ ಹೇಳತೊಡಗಿದಳು. ತುಂಬ ಹೊತ್ತು ಹೇಳಿದಳು.

ಹೇಳಿದ್ದು ಯಿದ್ದಿಷ್‌ನಲ್ಲಿ. ನನಗೆ ಆ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಅಮ್ಮ ಅವಳ ಕೆನ್ನೆಗೆ ಕೈಯಿಟ್ಟು ಏನೋ ಉತ್ತರ ಕೊಟ್ಟದ್ದಂತೂ ಕಂಡಿತು.