ಒದ್ದೆಯಲ್ಲಿ ಕೂರದವರು

ಆ ಆರೈಕೆ ಕೇಂದ್ರದಲ್ಲಿ ಎಲ್ಲರೂ ಅವರನ್ನು ಡ್ರೈವರಪ್ಪ ಎಂದೇ ಕರೆಯುತ್ತಿದ್ದರು. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಸೊಂಟದ ಮೂಳೆ ಮುರಿದ ಮೇಲೆ ಒಬ್ಬರೇ ಏಳಲಾಗುತ್ತಿರಲಿಲ್ಲ. ಯಾರಾದರೂ ತೋಳು ಕೊಟ್ಟರೆ ಶೌಚಾಲಯದವರೆಗೆ ನಡೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಅಪರೂಪಕ್ಕೆ ಬಂದುಹೋಗುವ ತಂಗಿಯನ್ನು ಬಿಟ್ಟರೆ ತಮ್ಮವರೆಂದು ಇದ್ದವರು ಪಕ್ಕದ ಮಂಚದ ಮೇಷ್ಟ್ರೊಬ್ಬರೇ. ಮೇಷ್ಟ್ರಿಗೆ ಕಿವಿ ಮಂದ. ಡ್ರೈವರಪ್ಪ ಕಿಟಕಿಯಾಚೆ ಹೋಗುವ ಬಸ್ಸುಗಳ ಬಗ್ಗೆ ಹೇಳುತ್ತಿದ್ದರು, ಮೇಷ್ಟ್ರು ಇನ್ಯಾವುದಕ್ಕೋ ಉತ್ತರ ಕೊಡುತ್ತಿದ್ದರು. ಹಾಗೇ ಹೊತ್ತು ಹೋಗುತ್ತಿತ್ತು.

ಕೆಲಸದವರಲ್ಲಿ ಕೆಲವರು ಬಿಟ್ಟುಹೋಗಿದ್ದರು. ಒಂದು ಮಧ್ಯಾಹ್ನ ಡ್ರೈವರಪ್ಪ ಕರೆಗಂಟೆ ಒತ್ತಿ ಒತ್ತಿ ಸಾಕಾದ ಮೇಲೆ ಆಯಾ ಬಂದಳು. ಕೈಯಲ್ಲಿ ಡೈಪರ್ ಇತ್ತು.

"ಇನ್ಮೇಲೆ ಇದ್ರಲ್ಲೇ ಮಾಡ್ಬಿಡಿ ತಾತ. ಏಳೋ ಕಷ್ಟಾನೇ ಇಲ್ಲ."

"ನಂಗೆ ತಡ್ಕೊಳ್ಳೋಕೆ ಬರತ್ತಮ್ಮ. ಡ್ರೈವರ್ ಕೆಲಸದಲ್ಲಿ ಮೊದ್ಲು ಕಲಿಯೋದೇ ಅದು, ಗೇರ್ ಆಮೇಲೆ. ಒಂದು ತೋಳು ಕೊಡು, ಸಾಕು."

ಆಯಾ ನಕ್ಕಳು. ಆದರೂ ಹೊದಿಕೆ ಸರಿಸಿ ಡೈಪರ್ ಕಟ್ಟಿದಳು. ಪರದೆಯನ್ನೂ ಎಳೆಯಲಿಲ್ಲ. ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು.

ಅಂದಿನಿಂದ ಡ್ರೈವರಪ್ಪ ನೀರು ಕುಡಿಯುವುದನ್ನೇ ಬಿಟ್ಟರು. ಅದು ಹಟವಲ್ಲ, ಕುಡಿದರೆ ತಾನೇ ಆ ಗತಿ ಎಂಬ ಲೆಕ್ಕ. ನಾಲಿಗೆ ಒಣಗಿ ಮಾತು ತೊದಲತೊಡಗಿದಾಗ ಕೇಂದ್ರದ ಮೇಲ್ವಿಚಾರಕಿ ಅವರ ತಂಗಿಯನ್ನು ಕರೆಸಿದರು.

ತಂಗಿ ಮಂಚದ ಅಂಚಿನಲ್ಲಿ ಕೂತಳು. "ಅಣ್ಣ, ಸ್ವಲ್ಪ ಹೊಂದ್ಕೊಂಡು ಹೋಗು."

"ಹೊಂದ್ಕೊಳ್ಳೋದು ಬೇರೆ ಪುಟ್ಟಿ, ಒದ್ದೆಯಾಗಿ ಕೂರೋದು ಬೇರೆ. ನೀನು ಚಿಕ್ಕೋಳಿದ್ದಾಗ ನಿನ್ನ ಬಟ್ಟೆ ಬದಲಾಯಿಸ್ತಿದ್ದಿದ್ದು ನಾನೇ. ನೀನು ಕುಂಯ್ ಅಂದ್ರೂ ಓಡಿ ಬರ್ತಿದ್ದೆ."

ತಂಗಿ ಎದ್ದು ಮೇಲ್ವಿಚಾರಕಿಯ ಕಡೆ ತಿರುಗಿದಳು.

"ಇದನ್ನ ಕಟ್ಟೋಕೆ ಮುಂಚೆ ಅವರನ್ನ ಕೇಳಿದ್ರಾ?"

"ನಿಮ್ಮನ್ನ ಕೇಳಿದ್ವಲ್ಲ. ಫೋನಲ್ಲಿ ಆಗ್ಲಿ ಅಂದ್ರಿ."

ತಂಗಿಯ ಮುಖ ಸಣ್ಣಗಾಯಿತು. "ಅಂದೆ. ಅನ್ನಬಾರದಿತ್ತು. ಅವರಿಗೆ ಬುದ್ಧಿ ನೆಟ್ಟಗಿದೆ, ಅವರನ್ನೇ ಕೇಳಬೇಕಿತ್ತು. ಬೇಡ ಅಂದ್ಮೇಲೆ ಬೇಡ. ಬಿಚ್ಚಿಸಿ. ಇಲ್ಲಾಂದ್ರೆ ನಾನು ದೂರು ಕೊಡ್ತೀನಿ."

ಮೇಲ್ವಿಚಾರಕಿ ಕೆಟ್ಟವರಲ್ಲ, ಆಳು ಸಾಲದೆ ಹಣ್ಣಾಗಿದ್ದರು. ಸ್ವಲ್ಪ ಯೋಚಿಸಿ, ಹಜಾರದ ಕೊನೆಯಲ್ಲಿ ಒಳಗೇ ಶೌಚಾಲಯವಿರುವ ಸಣ್ಣ ಕೋಣೆಯೊಂದು ಖಾಲಿ ಇದೆ ಎಂದರು. ಮಂಚದ ಪಕ್ಕಕ್ಕೂ ಗೋಡೆಗೂ ಹಿಡಿಕೆ ಹಾಕಿಸಿದರೆ ಅವರೇ ಎದ್ದು ಹೋಗಬಹುದು.

"ಆದ್ರೆ ಅಲ್ಲಿ ಒಬ್ಬರೇ ಇರ್ಬೇಕಾಗತ್ತೆ. ಕಿಟಕಿನೂ ಇಲ್ಲ." ಈ ಸಲ ಅವರು ಡ್ರೈವರಪ್ಪನ ಮುಖ ನೋಡಿಯೇ ಕೇಳಿದರು. "ಹೋಗ್ತೀರಾ?"

ಡ್ರೈವರಪ್ಪ ಮೇಷ್ಟ್ರ ಕಡೆ ನೋಡಿದರು. ಏನೂ ಕೇಳಿಸದ ಮೇಷ್ಟ್ರು ಆಗಲಿ ಎನ್ನುವಂತೆ ತಲೆಯಾಡಿಸಿದರು.

"ಹೋಗ್ತೀನಿ."

ಹೊಸ ಕೋಣೆಯ ಹಿಡಿಕೆ ಗಟ್ಟಿಯಾಗಿದೆ. ಮೊದಲ ದಿನ ಅವರು ಅದನ್ನು ಹಿಡಿದು ಎದ್ದು, ತಾವೇ ಹೋಗಿ, ತಾವೇ ಬಂದರು. ಮನಸ್ಸು ಹಗುರಾಗಿತ್ತು. ಅದನ್ನು ಯಾರಿಗಾದರೂ ಹೇಳೋಣವೆಂದರೆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತು ಮೇಷ್ಟ್ರನ್ನು ಗಾಲಿಕುರ್ಚಿಯಲ್ಲಿ ಕರೆತನ್ನಿ ಎಂದು ಅವರು ಕೇಳಿಕೊಂಡಿದ್ದಾರೆ. ಪುರಸೊತ್ತಿದ್ದ ದಿನ ಆಯಾ ಕರೆತರುತ್ತಾಳೆ. ಪುರಸೊತ್ತು ಇಲ್ಲದ ದಿನಗಳೇ ಹೆಚ್ಚು. ಆಗ ಡ್ರೈವರಪ್ಪ ಒಬ್ಬರೇ ಉಂಡು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹಜಾರದಲ್ಲಿ ಗಾಲಿಯ ಸದ್ದಾಗುತ್ತದೇನೋ ಎಂದು ಕಿವಿಗೊಟ್ಟು ಕೂರುತ್ತಾರೆ.