ಅರ್ಧ ಗಂಟೆ ಮುಂದೆ

ಹೆಸರು ಬಂತು, ಆಸ್ಪತ್ರೆಗಳ ಪಟ್ಟಿಯೂ ಬಂತು. ನರ್ಸ್ ಮೌಸ್ ಒತ್ತಿದ್ದೇ ತಡ, ‘ನಿಮ್ಮ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಎಂದು ಪುಟ ಅವಳನ್ನು ಹೊರಗೆ ದಬ್ಬಿತು. ಬಾಯ್ತುಂಬ ಕರೆದು, ಕೂರಿಸಿ, ಬಡಿಸುವ ಹೊತ್ತಿಗೆ ಕತ್ತು ಹಿಡಿದು ನೂಕುವ ನೆಂಟರ ಹಾಗೆ.

ಸಂಜೆ ಐದು ಗಂಟೆಯೊಳಗೆ ಅವಳು ವರ್ಗಾವಣೆಯ ಜಾಗ ಆರಿಸದಿದ್ದರೆ ಇಲಾಖೆಯೇ ಆರಿಸುತ್ತದೆ. ಇಲಾಖೆ ಆರಿಸುವುದೆಂದರೆ ಯಾರಿಗೂ ಬೇಡವಾದ ಗಡಿಯ ಆಸ್ಪತ್ರೆ. ಒಂದು ಹಗಲು, ಒಂದು ರಾತ್ರಿಯ ದಾರಿ. ಗಂಡ ಹಡಗಿನ ಕೆಲಸದಲ್ಲಿ ನೀರಿನ ಮೇಲೆ. ಮಗು ಈಗಷ್ಟೇ ಮಗುಚಿಕೊಳ್ಳಲು ಕಲಿತಿತ್ತು. ಊರಿನ ಆಸ್ಪತ್ರೆಯಲ್ಲಿ ಉಳಿದಿದ್ದುದು ಎರಡೇ ಜಾಗ. ಆ ಪುಟವೋ ಫೋನಿನಲ್ಲಿ ತೆರೆಯುವುದೇ ಇಲ್ಲ.

“ಮೆಲ್ಲಗೆ ಒತ್ತಮ್ಮ. ಅದೇನು ರೋಗಿ ಎದೆನಾ, ಹಾಗೆ ಗುದ್ದೋಕೆ?” ಎಂದ ಅಪ್ಪ, ತೊಟ್ಟಿಲು ತೂಗುತ್ತ.

“ನೀನು ಸುಮ್ನಿರಪ್ಪ!”

ಅಪ್ಪ ಬಸ್ ನಿಲ್ದಾಣದ ಕಂಟ್ರೋಲರಾಗಿದ್ದವನು. ಸೀಟಿ ಊದುವ ಕೆಲಸ ಬಿಟ್ಟರೂ ಅವಸರ ಬಿಟ್ಟಿರಲಿಲ್ಲ. ಯಾರೂ ತಡ ಮಾಡಬಾರದೆಂದು ಮನೆಯ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದಿಟ್ಟಿದ್ದ. ಮನೆಯವರು ಎಷ್ಟು ಪಳಗಿದ್ದರೆಂದರೆ, ಮುಳ್ಳು ನೋಡುವಾಗಲೇ ಅರ್ಧ ಗಂಟೆ ಕಳೆದುಬಿಡುತ್ತಿದ್ದರು. ಹಾಗಾಗಿ ಎಲ್ಲರೂ ಎಂದಿನಂತೆ ತಡವಾಗಿಯೇ ಹೊರಡುತ್ತಿದ್ದರು.

ಕೊನೆಗೆ ಸಹಾಯವಾಣಿ ಸಿಕ್ಕಿತು. ನರ್ಸ್ ಫೋನನ್ನು ಸ್ಪೀಕರಿಗೆ ಹಾಕಿದಳು.

“ಕುಕೀಸ್ ಕ್ಲಿಯರ್ ಮಾಡಿದ್ರಾ ಮೇಡಂ?” ಆ ಕಡೆಯ ಹುಡುಗಿ ಕೇಳಿದಳು.

“ಮಾಡ್ದೆ. ಬೇರೆ ಬ್ರೌಸರಲ್ಲೂ ನೋಡ್ದೆ. ಹಂಗೇ ಹೊರಗೆ ಹಾಕತ್ತೆ.”

“ಕುಕಿ ಅಂದ್ರೆ ನಿಮ್ಮ ಆಸ್ಪತ್ರೆ ಚೀಟಿ ಇದ್ದಂಗೆ ಮೇಡಂ. ಅದನ್ನ ತೋರಿಸ್ತಾ ಇದ್ರೆ ಒಳಗಿರ್ತೀರ. ನಮ್ಮ ಕಡೆಯಿಂದ ಚೀಟಿ ಬರ್ತಾನೇ ಇದೆ, ನಿಮ್ಮ ಕಂಪ್ಯೂಟರ್ ಇಸ್ಕೊಂಡು ಬಿಸಾಕ್ತಿದೆ. ಸ್ಕ್ರೀನ್ ಮೂಲೇಲಿ ಟೈಮ್ ಎಷ್ಟಿದೆ?”

“ಐದೂ ಹತ್ತು.”

“ನನ್ನ ಹತ್ರ ನಾಲ್ಕೂ ನಲವತ್ತು.”

ತೊಟ್ಟಿಲು ನಿಂತಿತು.

“ಚೀಟಿಗೆ ಇಪ್ಪತ್ತೇ ನಿಮಿಷ ಆಯಸ್ಸು ಮೇಡಂ. ನಿಮ್ಮನೆಗೆ ಬರೋಷ್ಟರಲ್ಲಿ ಅದರ ತಿಥಿನೇ ಮುಗಿದಿರತ್ತೆ.”

ನರ್ಸ್ ಕುರ್ಚಿ ತಿರುಗಿಸಿದಳು. “ಅಪ್ಪಾ. ಕಂಪ್ಯೂಟರನ್ನೂ ಬಿಡ್ಲಿಲ್ವಾ?”

“ಅದೊಂದಕ್ಕೆ ಯಾಕೆ ಬೇರೆ ನ್ಯಾಯ?” ಅಪ್ಪನ ದನಿ ಇಳಿದಿತ್ತು. “ಅರ್ಧ ಗಂಟೆ ಕಳೆದು ನೋಡಿದ್ರಾಯ್ತು ಅಂತ...”

“ಅದಕ್ಕೆ ಕಳೆಯೋಕೆ ಯಾರು ಹೇಳ್ಕೊಟ್ಟಿದ್ರು? ಬದಲಾಯಿಸೋಣ ಅಂದ್ರೆ ನಿನ್ನ ಪಾಸ್‌ವರ್ಡ್ ಕೇಳ್ತಿದೆ. ಬೇಗ ಹೇಳು!”

“ನನ್ನ ಗಡಿಯಾರದಿಂದ ಇವತ್ತಿನವರೆಗೂ ಒಬ್ಬನೂ ಬಸ್ ತಪ್ಪಿಸ್ಕೊಂಡಿಲ್ಲ.”

“ನಾನು ತಪ್ಪಿಸ್ಕೋತಾ ಇದೀನಿ!”

ಅಪ್ಪ ಬಂದು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಒಮ್ಮೆ ತಪ್ಪಿತು. ಪಂಚೆಗೆ ಕೈ ಒರೆಸಿಕೊಂಡು ಮತ್ತೆ ಒತ್ತಿದ. ನರ್ಸ್ ಸಮಯವನ್ನು ಹಿಂದಕ್ಕೆಳೆದಳು.

ಲಾಗಿನ್. ಹೆಸರು, ಪಟ್ಟಿ. ಮೌಸ್ ಒತ್ತಿದಳು. ಪುಟ ನಿಂತಿತು, ದಬ್ಬಲಿಲ್ಲ.

ಊರಿನ ಆಸ್ಪತ್ರೆಯ ಮುಂದೆ ಸೊನ್ನೆ ಕೂತಿತ್ತು.

ಫೋನಿನ ಹುಡುಗಿ “ಸರಿಹೋಯ್ತಾ ಮೇಡಂ?” ಎಂದು ಕೇಳುತ್ತಲೇ ಇದ್ದಳು. ನರ್ಸ್ ಪಟ್ಟಿ ಇಳಿಸಿದಳು. ಸೊನ್ನೆ, ಸೊನ್ನೆ. ಅಣೆಕಟ್ಟಿನ ಆಸ್ಪತ್ರೆ: ಒಂದು.

“ಅಪ್ಪಾ, ಅಣೆಕಟ್ಟು ಎಷ್ಟು ದೂರ?”

“ಬೆಳಿಗ್ಗೆ ಐದೂವರೆಗೆ ಬಸ್ಸು. ಎಂಟರೊಳಗೆ ಇಳಿಸ್ತಾನೆ. ಸಂಜೆ ಏಳೂವರೆಗೆಲ್ಲ ಮನೇಲಿರ್ತೀಯ.”

“ಯಾವ ಟೈಮ್ ಹೇಳ್ತಿದೀಯಪ್ಪ?”

“ಬಸ್ಸಿಂದು,” ಎಂದ ಅಪ್ಪ. “ಒತ್ತು.”

ಒತ್ತಿದಳು. ‘ನಿಮ್ಮ ಆಯ್ಕೆ ದಾಖಲಾಗಿದೆ.’ ಮೌಸಿನ ಮೇಲಿಂದ ಕೈ ತೆಗೆಯಲು ಮಾತ್ರ ಅವಳಿಗೆ ಆಗಲಿಲ್ಲ.

ಮಗು ಎದ್ದು ಅಳತೊಡಗಿತು. ಅವಳು ಏಳುವ ಮೊದಲೇ ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ನಡೆದ. ಡಬ್ಬಿಗಳ ಸದ್ದಾಯಿತು.

“ಪುಡಿ ಎಷ್ಟು ಚಮಚ ಹಾಕ್ತೀಯೇ?”

“ಮೂರು. ತಲೆ ಸವರಿ ಹಾಕು, ಗೋಪುರ ಬೇಡ.”

ಅವಳು ಬಾಗಿಲ ತನಕ ಬಂದು ನಿಂತಳು. ಅಳುವ ಮಗುವನ್ನು ಒಂದು ತೋಳಲ್ಲಿ ಅವುಚಿಕೊಂಡು, ಅಪ್ಪ ಹಾಲಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ಅಳತೆಯ ಗೆರೆ ಹುಡುಕುತ್ತಿದ್ದ.