ಪೆಡಲುಗಳಿಗೊಂದು ಹಲಗೆ

ನನ್ನ ಗಂಡನಿಗೆ ಯಾವ ತೊಂದರೆ ಬಂದರೂ ಮೊದಲು ಕೈ ಹೋಗುವುದು ಗರಗಸದ ಮೇಲೆ. ಬಾಗಿಲು ಕಿರುಗುಟ್ಟಿದರೆ ಬಾಗಿಲನ್ನೇ ಕೊಯ್ದರು. ಮೇಜು ಅಲುಗಾಡಿದರೆ ಅದರ ಕಾಲುಗಳನ್ನು ಒಂದೊಂದಾಗಿ ಗಿಡ್ಡ ಮಾಡುತ್ತಾ ಹೋಗಿ ಕೊನೆಗೆ ಮಣೆ ಮಾಡಿಟ್ಟರು. ಹಾಗಾಗಿ, ಅವರು ಗಿಟಾರ್ ನುಡಿಸುವ ವಾದ್ಯತಂಡದವರು ‘ನಿಮ್ಮ ಗಿಟಾರಲ್ಲಿ ಏನೋ ಕಿರಿಕಿರಿ ಇದೆ’ ಎಂದ ದಿನ ಅವರು ಮನೆಗೆ ಬಂದವರೇ ನನ್ನ ಬಟ್ಟೆ ಕಪಾಟಿನ ಹಲಗೆಗಳನ್ನು ಬಿಚ್ಚತೊಡಗಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಸಿಟ್ಟು ಬಂತು, ಅದು ಬೇರೆ ಮಾತು.

“ಇನ್ನು ನನ್ನ ಬಟ್ಟೆ ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?”

“ಸ್ವಲ್ಪ ದಿನ ಕುರ್ಚಿ ಮೇಲಿಡೇ. ಇದೊಂದು ಆಗ್ಲಿ, ನಿಂಗೆ ಹೊಸ ಕಪಾಟೇ ಮಾಡ್ಕೊಡ್ತೀನಿ.”

ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಅವರು ಒಂದಷ್ಟು ಪೆಡಲುಗಳನ್ನು ಇಟ್ಟುಕೊಂಡಿದ್ದರು. ಸೋಪಿನ ಡಬ್ಬಿಯಷ್ಟಿರುವ ಲೋಹದ ಪೆಟ್ಟಿಗೆಗಳು. ಕಾಲಲ್ಲಿ ಒತ್ತಿದರೆ ಒಂದು ಪೆಟ್ಟಿಗೆ ಸ್ವರವನ್ನು ಒರಟು ಮಾಡುತ್ತದೆ, ಮತ್ತೊಂದು ಅಲೆ ಎಬ್ಬಿಸುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ಇಷ್ಟು ದಿನ ಅವು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತಿದ್ದವು, ವೈರುಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡು. ಕಿರಿಕಿರಿಯೆಲ್ಲ ಆ ವೈರುಗಳದ್ದೇ ಎಂಬುದು ಅವರ ಲೆಕ್ಕ. ಪೆಡಲುಗಳನ್ನೆಲ್ಲ ಒಂದೇ ಹಲಗೆಗೆ ಅಂಟಿಸಿ, ಮಾರುದ್ದದ ವೈರುಗಳ ಬದಲು ಗೇಣುದ್ದದವನ್ನು ತಾವೇ ಬೆಸೆದು, ಅಡಿಯಲ್ಲಿ ಒಂದು ಅಡಾಪ್ಟರ್ ಕೂರಿಸಿ ಅದರಿಂದಲೇ ಎಲ್ಲಕ್ಕೂ ಕರೆಂಟು ಹಂಚಿದರೆ ಸದ್ದು ತಿಳಿನೀರಿನ ಹಾಗೆ ಬರುತ್ತದೆ ಎಂದು ನಂಬಿದ್ದರು.

ಸಂಜೆ ಪ್ರೆಸ್ಸಿನಿಂದ ಬಂದವರು ಕೈಗಂಟಿದ ಶಾಯಿಯನ್ನೂ ನೆಟ್ಟಗೆ ತೊಳೆಯದೆ ಕೆಲಸಕ್ಕೆ ಕೂರುತ್ತಿದ್ದರು. ಹಲಗೆಯನ್ನು ಎರಡು ಪಟ್ಟಿಯಾಗಿ ಸೀಳಿ, ವೈರು ಇಳಿಯಲು ನಡುವೆ ಸಂದು ಬಿಟ್ಟರು. ಹಿಂದಿನ ಸಾಲಿನ ಪೆಡಲಿಗೂ ಕಾಲು ಎಟುಕಬೇಕಲ್ಲ, ಅದಕ್ಕೆ ಹಿಂದಿನ ಪಟ್ಟಿ ತುಸು ಎತ್ತರಕ್ಕೆ ಬರುವಂತೆ ಪಕ್ಕದ ತುಂಡುಗಳನ್ನು ಓರೆಯಾಗಿ ಕೊಯ್ದರು. ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, “ಸಿಬಿರು ಸಿಗುತ್ತಾ ನೋಡು” ಎಂದು ನನ್ನ ಬೆರಳು ಹಿಡಿದು ಸವರಿಸಿದರು. ಮನೆಯೆಲ್ಲ ಬೆಸುಗೆಯ ಹೊಗೆ, ಅನ್ನದ ಪಾತ್ರೆಯ ಪಕ್ಕದಲ್ಲೇ ಸ್ಕ್ರೂಗಳ ಬಟ್ಟಲು. ಬೈದೆ. ಆದರೆ ಅವರನ್ನು ಅಷ್ಟು ಖುಷಿಯಾಗಿ ನೋಡಿ ಬಹಳ ಕಾಲವಾಗಿತ್ತು, ಹಾಗಾಗಿ ಬೈಗುಳದಲ್ಲಿ ಖಾರ ಕಡಿಮೆಯಿತ್ತು.

ನಾನು ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತೇನೆ. ಸಲಕರಣೆ ತೊಳೆಯುವುದು, ಎಂಜಲು ಹೀರುವ ಕೊಳವೆ ಹಿಡಿಯುವುದು, ಕುರ್ಚಿಯಲ್ಲಿ ನಡುಗುತ್ತಾ ಕೂತವರಿಗೆ ‘ಏನೂ ಆಗಲ್ಲ, ಗೊತ್ತೇ ಆಗಲ್ಲ’ ಎನ್ನುವುದು. ಆಗುತ್ತದೆ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆ ವಾರದ ಮೊದಲಲ್ಲಿ ನನ್ನ ಅಣ್ಣ ಕೆನ್ನೆ ಹಿಡಿದುಕೊಂಡು ಅಲ್ಲಿಗೆ ಬಂದ. ತಂಡದ ಹಾಡುಗಾರ ಅವನೇ. ಬಾಯಿ ತೆರೆಸಿ ನೋಡಿದರೆ ಹಲ್ಲುಗಳು ಕಲ್ಲಿನ ಹಾಗಿದ್ದವು.

“ನಿನ್ನ ಹಲ್ಲಿಗೇನೂ ಆಗಿಲ್ಲ. ವಿಷಯ ಏನು, ಬೊಗಳು.”

ಅಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನಿಮ್ಮೆಜಮಾನ್ರಿಗೆ ಕಿವಿ ಕೇಳಿಸ್ತಿಲ್ಲ ಕಣೇ.”

“ನಾನು ಮಾತಾಡೋದೆಲ್ಲ ಕೇಳುತ್ತೆ ಅವರಿಗೆ.”

“ನೀನು ಮಾತಾಡೋದು ಇಡೀ ಬೀದಿಗೇ ಕೇಳುತ್ತೆ. ಚೂಪು ಸದ್ದು ಕೇಳಿಸ್ತಿಲ್ಲ ಅವರಿಗೆ. ಅದಕ್ಕೇ ಆಂಪ್ಲಿಫೈಯರಿನ ಟ್ರೆಬಲ್ ಗುಂಡೀನ ಕೊನೇವರೆಗೂ ತಿರುಗಿಸಿ ಇಡ್ತಾರೆ. ನಮಗೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ. ವೈರು ಸರಿಯಿಲ್ಲ ಅಂತಾರೆ, ನಾವು ಹೂಂ ಅಂತೀವಿ. ಶನಿವಾರದ ಕಾರ್ಯಕ್ರಮಕ್ಕೆ ಹಾಲ್ ತುಂಬ ಜನ ಇರ್ತಾರೆ. ನೀನೇ ಒಂದು ಮಾತು ಹೇಳು.”

“ಯಾಕೆ, ನಿನ್ನ ಬಾಯಿಗೇನು ಬೀಗ ಜಡಿದಿದಾರಾ?”

“ನಾನು ಹೇಳಿದ್ರೆ ಅವರು ಗಿಟಾರೂ ಬಿಡ್ತಾರೆ, ನನ್ನ ಮುಖ ನೋಡೋದೂ ಬಿಡ್ತಾರೆ.”

ಅವನನ್ನು ಬೈದು ಕಳಿಸಿದೆನೇನೋ ಸರಿ. ಆದರೆ ಮನಸ್ಸಿನಲ್ಲಿ ಹುಳ ಬಿಟ್ಟು ಹೋಗಿದ್ದ. ಬೆಳಿಗ್ಗೆ ಗಡಿಯಾರ ಕೀಂ ಕೀಂ ಎಂದು ಬಡಿದುಕೊಂಡರೂ ಅವರು ಏಳುತ್ತಿರಲಿಲ್ಲ. ಅದನ್ನು ನಾನು ಸೋಮಾರಿತನ ಎಂದುಕೊಂಡಿದ್ದೆ. ಒಲೆಯ ಮೇಲೆ ನೀರಿನ ಕೆಟಲ್ ಸಿಳ್ಳೆ ಹಾಕುತ್ತಿದ್ದರೂ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದರು. ಅದನ್ನು ಗಂಡಸರ ಸ್ವಭಾವ ಎಂದುಕೊಂಡಿದ್ದೆ. ಪ್ರೆಸ್ಸಿನ ಯಂತ್ರಗಳ ಮಧ್ಯೆ ಅರ್ಧ ಆಯಸ್ಸು ಕಳೆದವರ ಕಿವಿ ಏನಾಗಿರಬಹುದು ಎಂದು ಒಂದು ದಿನವಾದರೂ ಯೋಚಿಸಿರಲಿಲ್ಲ.

ಗುರುವಾರ ಸಂಜೆ ಹಲಗೆ ಮುಗಿಯಿತು. ಕಪ್ಪು ಬಣ್ಣ ಬಳಿದು, ಪೆಡಲುಗಳನ್ನು ಎರಡು ಸಾಲಾಗಿ ಕೂರಿಸಿ, ತಳಕ್ಕೆ ರಬ್ಬರ್ ಕಾಲು ಹಚ್ಚಿದ್ದರು. ಒಂದು ವೈರೂ ಮೇಲೆ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರು ಈವರೆಗೆ ಮಾಡಿದ್ದರಲ್ಲಿ ನೆಟ್ಟಗೆ ನಿಂತ ಮೊದಲ ವಸ್ತು ಅದು. ನನ್ನನ್ನು ಎದುರಿಗೆ ಕೂರಿಸಿ ಸ್ವಿಚ್ ಹಾಕಿದರು.

ಆಂಪ್ಲಿಫೈಯರಿನಿಂದ ಒಂದು ಕೂಗು ಹೊರಟಿತು. ತೆಳ್ಳಗೆ, ಚೂಪಾಗಿ, ಉಸಿರೇ ತೆಗೆದುಕೊಳ್ಳದ ಕೂಗು. ದಿನವಿಡೀ ಕ್ಲಿನಿಕ್ಕಿನಲ್ಲಿ ಕೇಳುವ ಹಲ್ಲು ಕೊರೆಯುವ ಯಂತ್ರದ ಸದ್ದು ನನ್ನ ಮನೆಯೊಳಗೇ ಬಂದು ಕೂತಿತ್ತು. ನನ್ನ ದವಡೆ ಬಿಗಿಯಿತು. ಅವರು ಗಿಟಾರಿನ ಮೇಲೆ ಅಂಗೈ ಇಟ್ಟು ತಂತಿಗಳನ್ನು ಸುಮ್ಮನಾಗಿಸಿ, ಬೆರಳೆತ್ತಿ ನಕ್ಕರು.

“ಕೇಳು, ಒಂದು ಚೂರಾದ್ರೂ ಸದ್ದಿದೆಯಾ? ಎಷ್ಟು ಕ್ಲೀನಾಗಿದೆ ನೋಡು.”

ನಾನು ಹೇಳಬೇಕಿತ್ತು. ಆದರೆ ಎದುರಿಗೆ ಆ ನಗುವಿತ್ತು.

“ಚೆನ್ನಾಗಿದೆ ರೀ” ಎಂದೆ.

ಅವರು ಬಹಳ ಹೊತ್ತು ನುಡಿಸಿದರು. ನಾನು ಅಡುಗೆಮನೆಯಲ್ಲಿ ನಲ್ಲಿ ಪೂರ್ತಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಮರುದಿನ ಸಂಜೆ ಅಣ್ಣ ಬಂದ. ಇವರು ಹಲಗೆಯನ್ನು ತಿರುಗಿಸಿ ಮುರುಗಿಸಿ ತೋರಿಸಿ, ಸ್ವಿಚ್ ಹಾಕಿ ನುಡಿಸಿದರು. ಅಣ್ಣನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಹೇಗಿದೆ ಭಾವ?”

“ಭಾರೀ ಆಗಿದೆ, ಭಾರೀ ಆಗಿದೆ” ಎಂದ ಅಣ್ಣ, ನೀರು ಕುಡಿಯುವ ನೆಪ ಮಾಡಿಕೊಂಡು ನನ್ನ ಹಿಂದೆಯೇ ಅಡುಗೆಮನೆಗೆ ಬಂದ.

“ಮೊದಲಿಗಿಂತ ಹಾಳಾಗಿದೆ ಕಣೇ. ನನ್ನ ಕೈಲಿ ಆಗಲ್ಲ. ಔಷಧಿ ಅಂಗಡಿಯವನ ತಮ್ಮ ಗಿಟಾರ್ ನುಡಿಸ್ತಾನೆ, ಅವನಿಗೆ ಬರೋಕೆ ಹೇಳಿದೀನಿ. ನಾಳೆ ಕಾರ್ಯಕ್ರಮ ಇಲ್ಲ, ಹಾಲ್ ಸಿಗಲಿಲ್ಲ ಅಂತ ನೀನು ಇವರಿಗೆ ಹೇಳ್ಬಿಡು.”

ಹಿಂದಿನ ಸಂಜೆ ನಾನೂ ಸುಳ್ಳು ಹೇಳಿದವಳೇ. ಆದರೂ ಆ ಮಾತು ಕೇಳಿ ನನಗೆ ಮೈ ಉರಿಯಿತು. ನಾಳೆ ಸಂಜೆ ಇವರು ಈ ಗೋಡೆಗಳ ನಡುವೆ ಕೂತಿರಬೇಕು, ಅಲ್ಲಿ ಇನ್ಯಾರೋ ಇವರ ಜಾಗದಲ್ಲಿ ನಿಂತಿರಬೇಕು, ಊರಿಗೆಲ್ಲ ಗೊತ್ತಿದ್ದ ವಿಷಯ ಇವರೊಬ್ಬರಿಗೆ ಗೊತ್ತಿರಬಾರದು. ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿ ಹೊರಗೆ ಬಂದೆ. ಅಣ್ಣ ಹಿಂದಿನಿಂದ ನನ್ನ ತೋಳು ಎಳೆದ, ಕೊಡವಿಕೊಂಡೆ.

“ರೀ, ನಿಲ್ಲಿಸಿ. ಅದರಲ್ಲಿ ಸದ್ದು ಬರ್ತಿದೆ.”

“ಎಲ್ಲಿ?”

“ಈಗ. ನೀವು ನುಡಿಸದೇ ಇದ್ದಾಗಲೂ ಬರ್ತಿದೆ. ನಿನ್ನೆಯಿಂದ ಬರ್ತಿದೆ. ನಿಮಗೆ ಕೇಳಿಸ್ತಿಲ್ಲ.”

ಅವರು ನನ್ನನ್ನು ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಣ್ಣನನ್ನು ನೋಡಿದರು. ಅಣ್ಣ ತಲೆ ತಗ್ಗಿಸಿದ. ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ, ಬರಲಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಿ, ಹಲಗೆಯ ಮುಂದೆ ಮಂಡಿಯೂರಿ, ಪೆಡಲುಗಳ ಕರೆಂಟಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿ ಮತ್ತೆ ಸಿಕ್ಕಿಸತೊಡಗಿದರು.

“ಈಗ?”

“ಇದೆ.”

“ಈಗ?”

“ಇದೆ ರೀ.”

ಪ್ರತಿಧ್ವನಿಯ ಪೆಡಲಿನ ವೈರು ಕಿತ್ತಾಗ ಕೂಗು ಪಟ್ಟನೆ ನಿಂತಿತು. ಕೋಣೆ ದೊಡ್ಡದಾದ ಹಾಗಾಯಿತು. ಬಾಗಿಲಲ್ಲಿ ಅಣ್ಣ ಉಸಿರು ಬಿಟ್ಟದ್ದು ಕೇಳಿಸಿತು.

“ನಿಂತ್ಹೋಯ್ತು” ಎಂದೆ.

ಅವರು ಆ ವೈರನ್ನು ಮತ್ತೆ ಸಿಕ್ಕಿಸಿದರು, ಕಿತ್ತರು, ಸಿಕ್ಕಿಸಿದರು, ಕಿತ್ತರು. ಪ್ರತಿ ಸಲವೂ ಆಂಪ್ಲಿಫೈಯರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಂಡರು. ಕೊನೆಗೆ ಹಾಗೇ ನೆಲದ ಮೇಲೆ ಕೂತುಬಿಟ್ಟರು.

“ನನಗೆ ಎರಡೂ ಒಂದೇ ಥರ ಕೇಳುತ್ತೆ. ಹೇಗಿರುತ್ತೆ ಅದು?”

ಬಾಯಲ್ಲಿ ‘ಕೂಂಯ್’ ಎಂದು ಮಾಡಿ ತೋರಿಸಿದೆ. ನಗೆಪಾಟಲಿನ ಸದ್ದು, ಆದರೆ ಯಾರೂ ನಗಲಿಲ್ಲ.

“ಟ್ರೆಬಲ್ಲೂ ಜಾಸ್ತಿ ಇದೆಯಾ?”

“ಜಾಸ್ತಿ ಇದೆ.”

“ನಿಮಗೆಲ್ಲ ಹಿತವಾಗಿ ಕೇಳೋ ಕಡೆ ಇಡು.”

ನಾನು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ. ಅವರು ಗಿಟಾರ್ ಎತ್ತಿಕೊಂಡು ನುಡಿಸಿದರು. ನಮ್ಮ ಮದುವೆಯಾದ ಹೊಸದರಲ್ಲಿ ನಾನು ಕೇಳುತ್ತಿದ್ದ ಗಿಟಾರ್ ಅದೇ. ಎಷ್ಟು ಚೆಂದ ಬರುತ್ತಿತ್ತೆಂದರೆ ನನ್ನ ಕಣ್ಣು ತುಂಬಿತು. ಅವರು ಮಾತ್ರ ಸ್ವಲ್ಪ ನುಡಿಸಿ ನಿಲ್ಲಿಸಿದರು.

“ಕಂಬಳಿ ಹೊದಿಸಿದ ಹಾಗಿದೆ ಕಣೇ. ಯಾವ ಸ್ವರ ನುಡಿಸ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ.”

ಆಮೇಲೆ, ಅವನ ತಗ್ಗಿದ ತಲೆ ನೋಡಿಯೇ ಊಹಿಸಿದವರಂತೆ, ಅಣ್ಣನ ಕಡೆ ತಿರುಗಿದರು. “ನಾಳೆಗೆ ಯಾರನ್ನ ಕರೆದಿದೀರಿ ಭಾವ?”

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಸಹಾಯಕ್ಕೆ ಹೋಗಲಿಲ್ಲ.

“ಔಷಧಿ ಅಂಗಡಿಯವರ ತಮ್ಮ” ಎಂದ, ನೆಲ ನೋಡುತ್ತಾ.

“ಅವನ ಹತ್ರ ಪೆಡಲ್ ಇದೆಯಾ?”

“ಇದ್ದ ಹಾಗಿಲ್ಲ.”

ಅವರು ಹಲಗೆಯನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡರು. ಅಡಿಯ ಅಡಾಪ್ಟರಿನಿಂದ ಪ್ರತಿಧ್ವನಿಯ ಪೆಡಲಿಗೆ ಹೋಗುತ್ತಿದ್ದ ವೈರನ್ನು ಬುಡದಲ್ಲೇ ಕತ್ತರಿಸಿದರು. ಶ್ರುತಿ ಮಾಡಲು ಇಟ್ಟುಕೊಂಡಿದ್ದ ಟ್ಯೂನರಿನ ಬ್ಯಾಟರಿ ಬಿಚ್ಚಿ ಆ ಪೆಡಲಿನೊಳಗೆ ಹಾಕಿ ಮುಚ್ಚಳ ಬಿಗಿದರು. ಮತ್ತೆ ನೇರ ಮಾಡಿ, ಮೇಲೆ ಕೂತಿದ್ದ ಧೂಳನ್ನು ಅಂಗಿಯ ತುದಿಯಿಂದ ಒರೆಸಿ ಅಣ್ಣನ ಕಡೆ ಸರಿಸಿದರು.

“ಇದನ್ನ ಅವನಿಗೆ ಕೊಡಿ. ಹಿಂದಿನ ಸಾಲಿಗೆ ಕಾಲು ಸಲೀಸಾಗಿ ಸಿಗುತ್ತೆ, ಹೆದರೋದು ಬೇಡ ಅನ್ನಿ.”

ಹೇಳಿದ್ದು ತಪ್ಪಾಯಿತೋ ಏನೋ ಎನಿಸಿತು ನನಗೆ. ಅಣ್ಣ ಹಲಗೆಗೆ ಕೈ ಹಾಕಿದ, ಇವರು ತಡೆದರು. “ಒಂದು ನಿಮಿಷ ಇರಿ” ಎಂದು ಕೊನೆಯದಾಗಿ ಮತ್ತೊಮ್ಮೆ ಸ್ವಿಚ್ ಹಾಕಿ ನನ್ನ ಕಡೆ ನೋಡಿದರು.

“ಸದ್ದಿಲ್ಲ ತಾನೇ?”

“ಇಲ್ಲ ರೀ” ಎಂದೆ. ಅದು ನಿಜವಾಗಿತ್ತು.